ಮಗ್ಗುಲು ಬದಲಿಸುವ ಕೊಬ್ಬು: ಕತ್ತರಿ ಗಾಯದಿಂದ ಕಣ್ಣಾಡಿ ವಿರಿಯನ್‌ವರೆಗೆ

ಕಂಬಂ ಕಣಿವೆಯ ದ್ರಾಕ್ಷಿ ತೋಟದಲ್ಲಿ ಗೊಂಚಲು ಕೊಯ್ಯುವವರ ಬೆರಳಿಗೆ ಕತ್ತರಿ ತಗಲುವುದು ಹೊಸದೇನಲ್ಲ. ಬೆರಳು ಬಾಯಿಗಿಟ್ಟುಕೊಂಡೋ, ಸೆರಗಿನ ತುದಿ ಒತ್ತಿ ಹಿಡಿದೋ ಐದು ನಿಮಿಷ ನಿಂತರೆ ರಕ್ತ ನಿಲ್ಲುತ್ತದೆ. ಮತ್ತೆ ಕೆಲಸ ಶುರು.

ಅದೇ ತೋಟದಲ್ಲಿ, ಅದೇ ಕೈಗೆ ಕಣ್ಣಾಡಿ ವಿರಿಯನ್ ಕಚ್ಚಿತು ಎನ್ನಿ. ಕನ್ನಡದಲ್ಲಿ ನಾವು ಕೊಳಕುಮಂಡಲ ಎನ್ನುವ ಹಾವು. ವಿಷ ಮೈಗೆ ಇಳಿದಿದ್ದರೆ ಒಂದೆರಡು ಗಂಟೆಯೊಳಗೆ ಆ ಮನುಷ್ಯನ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಹಲ್ಲು ತಾಗಿದ ಜಾಗದಿಂದ, ವಸಡಿನಿಂದ, ಕೊನೆಗೆ ಮೂತ್ರದಲ್ಲಿ ಕೂಡ ರಕ್ತ ಬರುತ್ತದೆ. ಐದು ನಿಮಿಷ ಒತ್ತಿ ಹಿಡಿದರೆ ಅದು ನಿಲ್ಲುವುದಿಲ್ಲ.

ರಕ್ತ ಯಾವಾಗ ಹೆಪ್ಪುಗಟ್ಟಬೇಕು, ಯಾವಾಗ ನೀರಾಗಿಯೇ ಹರಿಯಬೇಕು ಎನ್ನುವುದು ಬಹುಪಾಲು ಒಂದು ಜಾತಿಯ ಕೊಬ್ಬಿನ ಅಣು ಜೀವಕೋಶದ ಪೊರೆಯ ಒಳಮಗ್ಗುಲಲ್ಲಿದೆಯೇ ಹೊರಮಗ್ಗುಲಲ್ಲಿದೆಯೇ ಎನ್ನುವುದರ ಮೇಲೆ ನಿಂತಿದೆ. ನಂಬುವುದು ಕಷ್ಟ ಅನ್ನಿಸಿದರೂ ವಿಷಯ ಇಷ್ಟೇ. ಸ್ವಲ್ಪ ತಾಳ್ಮೆಯಿಂದ ಓದಿ. ಹಾವು ಕಚ್ಚಿದಾಗ ಆಸ್ಪತ್ರೆಯಲ್ಲಿ ಗಾಜಿನ ಕೊಳವೆಯೊಂದನ್ನು ಇಪ್ಪತ್ತು ನಿಮಿಷ ಯಾಕೆ ಮುಟ್ಟದೆ ಇಡುತ್ತಾರೆ ಎನ್ನುವುದೂ ಆಗ ತಿಳಿಯುತ್ತದೆ.

ಎರಡು ಪದರದ ಗೋಡೆ

ನಮ್ಮ ಮೈಯ ಪ್ರತಿ ಜೀವಕೋಶದ ಸುತ್ತ ತೆಳುವಾದ ಪೊರೆ ಇದೆ. ದಪ್ಪ ಎಷ್ಟು? ಒಂದು ಮಿಲಿಮೀಟರನ್ನು ಎರಡು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು. ಈ ಪೊರೆಯ ಮುಖ್ಯ ಸರಕು ಫಾಸ್ಫೋಲಿಪಿಡ್ ಎಂಬ ಕೊಬ್ಬು. ಹೆಸರು ಹೊಸದಾದರೂ ವಸ್ತು ಹೊಸದಲ್ಲ. ಕೋಳಿಮೊಟ್ಟೆಯ ಹಳದಿಯಲ್ಲಿ ಇದು ಬೇಕಾದಷ್ಟಿದೆ. ಬಿಸ್ಕತ್ತು, ಚಾಕೊಲೇಟ್ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ 'ಎಮಲ್ಸಿಫೈಯರ್ 322' ಅಂತ ಇರುತ್ತದೆ ನೋಡಿ, ಅದು ಲೆಸಿಥಿನ್; ಸಾಮಾನ್ಯವಾಗಿ ಸೋಯಾದಿಂದ ತೆಗೆದ ಇದೇ ಫಾಸ್ಫೋಲಿಪಿಡ್.

ಈ ಅಣುವಿಗೆ ಒಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಇಷ್ಟ. ಬಾಲಗಳು ಎಣ್ಣೆಯ ಜಾತಿ, ನೀರೆಂದರೆ ಆಗದು. ಕೋಶದ ಒಳಗೂ ನೀರು, ಹೊರಗೂ ನೀರು. ಹಾಗಾಗಿ ಅಣುಗಳು ತಾವಾಗಿಯೇ ಎರಡು ಸಾಲಾಗಿ ನಿಲ್ಲುತ್ತವೆ: ಹೊರಸಾಲಿನ ತಲೆ ಹೊರಗಿನ ನೀರಿಗೆ, ಒಳಸಾಲಿನ ತಲೆ ಒಳಗಿನ ನೀರಿಗೆ, ಎರಡರ ಬಾಲಗಳೂ ನಡುವೆ. ಅಂದರೆ ಪೊರೆಯ ಎರಡು ಮುಖ ನೀರಿನ ಕಡೆಗೆ, ಹೊಟ್ಟೆ ಮಾತ್ರ ಎಣ್ಣೆ.

ಇದನ್ನು ಮೊದಲು ಲೆಕ್ಕ ಹಾಕಿ ಹೇಳಿದವರು ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್, 1925ರಲ್ಲಿ. ಕೆಂಪು ರಕ್ತಕಣಗಳ ಕೊಬ್ಬನ್ನೆಲ್ಲ ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಕಣಗಳ ಒಟ್ಟು ಮೈವಿಸ್ತಾರದ ಎರಡರಷ್ಟು ಜಾಗವನ್ನು ಅದು ಆಕ್ರಮಿಸಿತು. ಹಾಗಾದರೆ ಪೊರೆಯಲ್ಲಿ ಎರಡು ಪದರ ಇರಲೇಬೇಕು. ಅವರ ಅಳತೆಯಲ್ಲಿ ಒಂದೆರಡು ತಪ್ಪುಗಳಿದ್ದವು, ಒಂದು ತಪ್ಪು ಇನ್ನೊಂದನ್ನು ಸರಿಮಾಡಿತು ಎಂದು ಆಮೇಲೆ ತಿಳಿಯಿತು. ಇರಲಿ, ಉತ್ತರವಂತೂ ಸರಿಯಾಗಿತ್ತು.

ಪಕ್ಕಕ್ಕೆ ಸರಿಯುವುದು ಸುಲಭ, ಮಗ್ಗುಲು ಬದಲಿಸುವುದು ಕಷ್ಟ

ವೀರಪಾಂಡಿ ಗೌಮಾರಿಯಮ್ಮನ್ ಜಾತ್ರೆಯ ನೂಕುನುಗ್ಗಲು ನೋಡಿದವರಿಗೆ ಪೊರೆಯ ಒಳಗಿನ ಓಡಾಟ ಅರ್ಥವಾಗುತ್ತದೆ. ಯಾರೂ ನಿಂತಲ್ಲಿ ನಿಲ್ಲುವುದಿಲ್ಲ. ಒಂದೇ ಪದರದೊಳಗೆ ಫಾಸ್ಫೋಲಿಪಿಡ್ ಅಣುವೊಂದು ಪಕ್ಕದ ಅಣುವಿನ ಜೊತೆ ಸೆಕೆಂಡಿಗೆ ಸುಮಾರು ಒಂದು ಕೋಟಿ ಸಲ ಜಾಗ ಬದಲಿಸಿಕೊಳ್ಳುತ್ತದೆ. ಒಂದು ಬ್ಯಾಕ್ಟೀರಿಯಾದ ಈ ತುದಿಯಿಂದ ಆ ತುದಿಗೆ ತಲುಪಲು ಅದಕ್ಕೆ ಒಂದು ಸೆಕೆಂಡು ಸಾಕು.

ಆದರೆ ಹೊರಪದರದಿಂದ ಒಳಪದರಕ್ಕೆ ಹೋಗು ಎಂದರೆ ಅದು ಬೇರೆಯೇ ಕಥೆ. ನೀರನ್ನು ಇಷ್ಟಪಡುವ ತಲೆ ನಡುವಿನ ಎಣ್ಣೆಯನ್ನು ದಾಟಬೇಕು. 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರೋಜರ್ ಕೋರ್ನ್‌ಬರ್ಗ್ ಮತ್ತು ಮೆಕ್‌ಕಾನೆಲ್ ಇದನ್ನು ಕೃತಕ ಗುಳ್ಳೆಗಳಲ್ಲಿ ಅಳೆದರು. 30 ಡಿಗ್ರಿ ಉಷ್ಣತೆಯಲ್ಲಿ ಎರಡು ಪದರಗಳ ನಡುವೆ ಅರ್ಧದಷ್ಟು ಬೆರಕೆಯಾಗಲು ಸುಮಾರು ಆರೂವರೆ ಗಂಟೆ ಹಿಡಿಯಿತು. ಬೇರೆ ಬಗೆಯ ಪೊರೆಗಳಲ್ಲಿ ಇದಕ್ಕೆ ದಿನಗಟ್ಟಲೆ ಬೇಕು ಎಂದು ಆಮೇಲಿನ ಪ್ರಯೋಗಗಳು ತೋರಿಸಿದವು. ಆಗ ವಿದ್ಯಾರ್ಥಿಯಾಗಿದ್ದ ಕೋರ್ನ್‌ಬರ್ಗ್‌ಗೆ 2006ರಲ್ಲಿ ನೊಬೆಲ್ ಬಂತು, ಆದರೆ ಅದು ಬೇರೆ ಕೆಲಸಕ್ಕೆ.

ನಮ್ಮ ಕಡೆಯವರಿಗೆ ಇದಕ್ಕೊಂದು ಒಳ್ಳೆಯ ಹೋಲಿಕೆ ಇದೆ. ಪೆರಿಯಾರ್ ನದಿ ಹುಟ್ಟುವುದು ಬೆಟ್ಟದ ಆ ಮಗ್ಗುಲಲ್ಲಿ, ಹರಿಯುವುದು ಪಡುವಣಕ್ಕೆ. ಅದರ ನೀರು ತಾನಾಗಿ ಘಟ್ಟ ಹತ್ತಿ ಗೂಡಲೂರಿಗೆ ಇಳಿಯುತ್ತದೆಯೇ? ಇಲ್ಲ. ಪೆನ್ನಿಕ್ವಿಕ್ ಅಣೆಕಟ್ಟು ಕಟ್ಟಿಸಿ ಬೆಟ್ಟದೊಳಗೆ ಸುರಂಗ ಕೊರೆಸಿದ ಮೇಲೆಯೇ, 1895ರಿಂದ, ಆ ನೀರು ಈ ಮಗ್ಗುಲಿಗೆ ಬಂದದ್ದು. ನೀರನ್ನು ತಡೆದದ್ದು ಘಟ್ಟ. ಫಾಸ್ಫೋಲಿಪಿಡ್‌ನ ತಲೆಯನ್ನು ತಡೆಯುವುದು ಪೊರೆಯ ನಡುವಿನ ಎಣ್ಣೆ. ದಾಟಬೇಕಾದರೆ ಯಾರಾದರೂ ದಾರಿ ಮಾಡಿಕೊಡಬೇಕು.

ನಾಗರಹಾವಿನ ವಿಷ ಹೇಳಿದ ಗುಟ್ಟು

ಇಲ್ಲಿಗೆ ಹಾವು ಮೊದಲ ಸಲ ಬರುತ್ತದೆ, ಅದೂ ಉಪಕಾರಿಯಾಗಿ.

ಪೊರೆಯ ಎರಡೂ ಪದರದಲ್ಲಿ ಒಂದೇ ಬಗೆಯ ಕೊಬ್ಬು ಇದೆಯೇ, ಬೇರೆ ಬೇರೆಯೇ? 1972ರಲ್ಲಿ ಕೇಂಬ್ರಿಜ್‌ನ ಮಾರ್ಕ್ ಬ್ರೆಚರ್ 'ಬೇರೆ ಬೇರೆ' ಎಂದರು. ಮರುವರ್ಷ ಹಾಲೆಂಡಿನ ಯುಟ್ರೆಕ್ಟ್‌ನ ವಿಜ್ಞಾನಿಗಳು ಅದನ್ನು ಗಟ್ಟಿ ಮಾಡಿ ತೋರಿಸಿದರು. ಅವರು ಬಳಸಿದ ಆಯುಧಗಳಲ್ಲಿ ಒಂದು ನಾಗರಹಾವಿನ ವಿಷದಿಂದ ತೆಗೆದ ಕಿಣ್ವ, ಫಾಸ್ಫೋಲಿಪೇಸ್ ಎ2. ಇದರ ಕೆಲಸ ಫಾಸ್ಫೋಲಿಪಿಡ್‌ನ ಎರಡು ಬಾಲಗಳಲ್ಲಿ ಒಂದನ್ನು ಕತ್ತರಿಸುವುದು. ಕೆಂಪು ಕಣವನ್ನು ಒಡೆಯದೆ ಈ ಕಿಣ್ವವನ್ನು ಹೊರಗಿನಿಂದ ಬಿಟ್ಟರೆ ಅದಕ್ಕೆ ಸಿಗುವುದು ಹೊರಪದರದ ಅಣುಗಳು ಮಾತ್ರ. ಒಡೆದ ಕಣಕ್ಕೆ ಬಿಟ್ಟರೆ ಎರಡೂ ಪದರ ಸಿಗುತ್ತವೆ. ಎರಡನ್ನೂ ತಾಳೆ ನೋಡಿದರೆ ಯಾವುದು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಗೊತ್ತಾದದ್ದು ಇದು. ಹೊರಗೆ ಹೆಚ್ಚಾಗಿ ಫಾಸ್ಫಾಟಿಡಿಲ್ ಕೋಲೀನ್ ಮತ್ತು ಸ್ಫಿಂಗೋಮೈಲಿನ್. ಒಳಗೆ ಹೆಚ್ಚಾಗಿ ಎರಡು ಬೇರೆ ಜಾತಿ. ಅವುಗಳಲ್ಲಿ ಒಂದರ ಹೆಸರು ಫಾಸ್ಫಾಟಿಡಿಲ್ ಸೀರಿನ್, ಚುಟುಕಾಗಿ ಪಿಎಸ್. ಇದರ ತಲೆಗೆ ಋಣ ವಿದ್ಯುದಾವೇಶವಿದೆ. ಆರೋಗ್ಯವಾದ ಕಣದಲ್ಲಿ ಪಿಎಸ್ ಹೆಚ್ಚುಕಡಿಮೆ ಪೂರ್ತಿಯಾಗಿ ಒಳಮಗ್ಗುಲಲ್ಲೇ ಇರುತ್ತದೆ. ಹೆಸರುಗಳೆಲ್ಲ ಮರೆತುಹೋದರೂ ಪರವಾಗಿಲ್ಲ, ಪಿಎಸ್ ಒಂದನ್ನು ನೆನಪಿಟ್ಟುಕೊಳ್ಳಿ. ಇಡೀ ಕಥೆ ಅದರದ್ದೇ.

ಮೋಟಾರು ಮತ್ತು ಮಡೆ

ಪಿಎಸ್ ಒಳಗೇ ಇರುವುದಕ್ಕೆ ಖರ್ಚಿದೆ. 1984ರಲ್ಲಿ ಪ್ಯಾರಿಸ್ಸಿನ ಸೆನ್ಯೂರೆ ಮತ್ತು ದೆವೋ ಒಂದು ಪ್ರಯೋಗ ಮಾಡಿದರು. ಗುರುತು ಅಂಟಿಸಿದ ಪಿಎಸ್‌ನಂಥ ಅಣುವನ್ನು ಕೆಂಪು ಕಣದ ಹೊರಪದರಕ್ಕೆ ಸೇರಿಸಿದರು. ಸ್ವಲ್ಪ ಹೊತ್ತಿಗೆ ಅದು ಒಳಗೆ ಹೋಗಿತ್ತು. ಕಣದ ಎಟಿಪಿ ತೀರಿಸಿಬಿಟ್ಟಾಗ ಹೋಗಲಿಲ್ಲ. ಎಟಿಪಿ ಎಂದರೆ ಜೀವಕೋಶದ ಕರೆಂಟು ಎಂದುಕೊಳ್ಳಿ. ಅಂದರೆ ಕರೆಂಟು ಉರಿಸಿ ಪಿಎಸ್ಸನ್ನು ಹೊರಗಿನಿಂದ ಒಳಕ್ಕೆ ಎಳೆದು ಹಾಕುವ ಪ್ರೋಟೀನ್ ಯಂತ್ರವೊಂದು ಪೊರೆಯಲ್ಲಿದೆ. ಅದಕ್ಕೆ ಫ್ಲಿಪ್ಪೇಸ್ ಎಂದು ಹೆಸರು. ಇದು ತೋಟದ ಬಾವಿಗಿಟ್ಟ ಮೋಟಾರು ಇದ್ದ ಹಾಗೆ. ಕರೆಂಟು ಇದ್ದರೆ ಎತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಮನುಷ್ಯರಲ್ಲಿ ಈ ಕುಟುಂಬದ 14 ಪ್ರೋಟೀನ್‌ಗಳಿವೆ.

ಒಳಗಿನದನ್ನು ಹೊರಕ್ಕೆ ಎತ್ತುವ ಮೋಟಾರುಗಳೂ ಉಂಟು. ಅವುಗಳಿಗೆ ಫ್ಲಾಪ್ಪೇಸ್ ಎನ್ನುತ್ತಾರೆ. ನಮ್ಮ ಯಕೃತ್ತಿನಲ್ಲಿ ಪಿತ್ತರಸಕ್ಕೆ ಫಾಸ್ಫೋಲಿಪಿಡ್ ಸೇರಿಸುವ ಎಬಿಸಿಬಿ4 ಅಂಥದ್ದು. ಅದು ಕೆಟ್ಟರೆ ಪಿತ್ತರಸವೇ ತನ್ನ ನಾಳವನ್ನು ಸುಡುತ್ತದೆ, ಚಿಕ್ಕ ವಯಸ್ಸಿಗೇ ಪಿತ್ತಕೋಶದ ಕಲ್ಲು ಆಗಬಹುದು. ಅದರ ಕಥೆ ಇನ್ನೊಮ್ಮೆ ನೋಡೋಣ.

ಮೂರನೆಯದು ನಮಗೆ ಮುಖ್ಯ: ಸ್ಕ್ರಾಂಬ್ಲೇಸ್. ಇದಕ್ಕೆ ಕರೆಂಟು ಬೇಡ, ಇದು ಮಡೆ. ಕೆರೆಯ ಮಡೆ ಎತ್ತಿದರೆ ನೀರು ತಾನೇ ನುಗ್ಗುವ ಹಾಗೆ, ಸ್ಕ್ರಾಂಬ್ಲೇಸ್ ತೆರೆದರೆ ಎರಡೂ ಪದರದ ಕೊಬ್ಬು ತಾನೇ ಕಲಸಿಹೋಗುತ್ತದೆ. ಒಳಗಿದ್ದ ಪಿಎಸ್ ಕ್ಷಣಗಳಲ್ಲಿ ಹೊರಗೆ ಕಾಣಿಸಿಕೊಳ್ಳುತ್ತದೆ. ಮಡೆ ತೆರೆಯುವ ಕೀಲಿಕೈ ಕ್ಯಾಲ್ಸಿಯಂ.

ಈ ಮಡೆ ಯಾವುದು ಎಂದು ಬಹಳ ಕಾಲ ಹುಡುಕಿದರು. 2010ರಲ್ಲಿ ಜಪಾನಿನ ಕ್ಯೋಟೋದಲ್ಲಿ ಜುನ್ ಸುಜುಕಿ, ಶಿಗೆಕಾಜು ನಗಾಟ ಮತ್ತು ಸಂಗಡಿಗರು ಟಿಎಂಇಎಂ16ಎಫ್ ಎಂಬ ಪ್ರೋಟೀನನ್ನು ಗುರುತಿಸಿದರು. ಇದೇ ಕುಟುಂಬದ ಪ್ರೋಟೀನೊಂದರ ಆಕಾರವನ್ನು 2014ರಲ್ಲಿ ಜ್ಯೂರಿಕ್‌ನವರು ಚಿತ್ರಿಸಿದಾಗ ಅದರ ಮೈಮೇಲೆ ಉದ್ದಕ್ಕೂ ಒಂದು ಕಾಲುವೆ ಕಂಡಿತು. ಅಣುವಿನ ತಲೆ ಆ ಕಾಲುವೆಯೊಳಗೆ ಜಾರುತ್ತದೆ, ಬಾಲಗಳು ಪಕ್ಕದ ಎಣ್ಣೆಯಲ್ಲೇ ಎಳೆದುಕೊಂಡು ಬರುತ್ತವೆ ಎಂದು ಹೆಚ್ಚಿನವರ ವಿವರಣೆ. ತಲೆಗೆ ನೀರೂ ಸಿಕ್ಕಿತು, ಬಾಲಕ್ಕೆ ಎಣ್ಣೆಯೂ ತಪ್ಪಲಿಲ್ಲ!

ಬೆರಳು ಕೊಯ್ದಾಗ

ಈಗ ಕತ್ತರಿ ತಗುಲಿದ ಬೆರಳಿಗೆ ಬರೋಣ.

ರಕ್ತನಾಳ ತುಂಡಾದ ಜಾಗಕ್ಕೆ ಪ್ಲೇಟ್‌ಲೆಟ್‌ಗಳು ಬಂದು ಅಂಟಿಕೊಳ್ಳುತ್ತವೆ. ಡೆಂಗ್ಯೂ ಜ್ವರದಲ್ಲಿ 'ಎಷ್ಟಕ್ಕೆ ಇಳಿಯಿತು' ಎಂದು ದಿನಾ ಎಣಿಸುತ್ತಾರಲ್ಲ, ಅವೇ. ಅಂಟಿಕೊಂಡ ಪ್ಲೇಟ್‌ಲೆಟ್ ಒಳಗೆ ಕ್ಯಾಲ್ಸಿಯಂ ಏರುತ್ತದೆ, ಮಡೆ ತೆರೆಯುತ್ತದೆ, ಪಿಎಸ್ ಹೊರಗೆ ಬರುತ್ತದೆ. ಋಣ ಆವೇಶದ ಆ ಹೊರಮೈ ಮೇಲೆ, ಕ್ಯಾಲ್ಸಿಯಂನ ಸಹಾಯದಿಂದ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು ಬಂದು ಕೂರುತ್ತವೆ. ಇವುಗಳನ್ನು ಫ್ಯಾಕ್ಟರ್ ಎನ್ನುತ್ತಾರೆ, ಗುರುತಿಗೆ ನಂಬರುಗಳಿವೆ. ಸೊಪ್ಪಿನಲ್ಲಿ ಸಿಗುವ ವಿಟಮಿನ್ ಕೆ ಬೇಕು ಎನ್ನುವುದು ಇಲ್ಲಿಗೇ. 2, 7, 9 ಮತ್ತು 10ನೇ ಫ್ಯಾಕ್ಟರ್‌ಗಳಿಗೆ ಪಿಎಸ್ ಮೇಲೆ ಹಿಡಿದು ಕೂರುವ ಕೊಕ್ಕೆ ಮಾಡಿಕೊಡುವುದು ಆ ವಿಟಮಿನ್.

10ನೇ ಫ್ಯಾಕ್ಟರ್ ಚುರುಕಾಗಿ 5ನೆಯದರ ಜೊತೆ ಪಿಎಸ್ ಮೇಲೆ ಕೂತರೆ ಥ್ರಾಂಬಿನ್ ತಯಾರಾಗುತ್ತದೆ. ಥ್ರಾಂಬಿನ್ ಫೈಬ್ರಿನೋಜನ್ ಎಂಬ ಕರಗಿದ ಪ್ರೋಟೀನನ್ನು ಫೈಬ್ರಿನ್ ಎಳೆಯಾಗಿಸುತ್ತದೆ. ಎಳೆಗಳ ಬಲೆ ಗಾಯ ಮುಚ್ಚುತ್ತದೆ. 10ನೆಯದು ಒಂಟಿಯಾಗಿ ಮಾಡುವ ಕೆಲಸಕ್ಕಿಂತ ಈ ಕೂಟ ಸುಮಾರು 3 ಲಕ್ಷ ಪಟ್ಟು ವೇಗ ಎಂದು ಲೆಕ್ಕ. ಐದು ನಿಮಿಷಕ್ಕೆ ರಕ್ತ ನಿಲ್ಲುವ ಗುಟ್ಟು ಇದೇ. ಗಾಯವಿಲ್ಲದ ಕಡೆ ಪಿಎಸ್ ಒಳಗೇ ಇದೆ, ಕೂರಲು ಜಾಗವಿಲ್ಲ, ಹಾಗಾಗಿ ರಕ್ತ ಹರಿಯುತ್ತಲೇ ಇರುತ್ತದೆ.

ಅಂದಹಾಗೆ, ರಕ್ತದಾನ ಶಿಬಿರದ ಚೀಲದಲ್ಲಿ ರಕ್ತ ಯಾಕೆ ಹೆಪ್ಪುಗಟ್ಟುವುದಿಲ್ಲ? ಚೀಲದಲ್ಲಿ ಮೊದಲೇ ಸಿಟ್ರೇಟ್ ಹಾಕಿರುತ್ತಾರೆ. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ.

ಮಡೆಯೇ ತೆರೆಯದಿದ್ದರೆ? ಅದೂ ಒಂದು ಕಾಯಿಲೆ, ಸ್ಕಾಟ್ ಸಿಂಡ್ರೋಮ್, ಬಹಳ ಅಪರೂಪದ್ದು. ಇವರ ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿರುತ್ತದೆ, ಫ್ಯಾಕ್ಟರ್‌ಗಳೂ ಸರಿ. ಆದರೂ ಹಲ್ಲು ಕೀಳಿಸಿದರೆ, ಹೆರಿಗೆಯಾದರೆ ರಕ್ತ ನಿಲ್ಲದು. ಟಿಎಂಇಎಂ16ಎಫ್ ಕೆಟ್ಟಿರುವುದೇ ಕಾರಣ ಎಂದು ಕ್ಯೋಟೋದವರು ತೋರಿಸಿದ ಮೇಲೆಯೇ ಈ ಕಾಯಿಲೆಯ ಒಗಟು ಬಿಡಿಸಿತು.

ಪಿಎಸ್‌ಗೆ ಇನ್ನೊಂದು ಕೆಲಸವೂ ಇದೆ. ಸಾಯುತ್ತಿರುವ ಜೀವಕೋಶ ಪಿಎಸ್ಸನ್ನು ಹೊರಗೆ ತೋರಿಸುತ್ತದೆ, ಅದನ್ನು ನೋಡಿ ಕಸ ನುಂಗುವ ಕೋಶಗಳು ಬಂದು ನುಂಗುತ್ತವೆ. 1992ರಲ್ಲಿ ಇದು ಗೊತ್ತಾಯಿತು. 120 ದಿನ ದುಡಿದು ಮುದಿಯಾದ ಕೆಂಪು ಕಣವನ್ನು ಗುರುತಿಸುವ ಗುರುತುಗಳಲ್ಲೂ ಇದು ಒಂದು. ಡೆಂಗ್ಯೂ ವೈರಸ್ ಇದೇ ಗುರುತನ್ನು ತನ್ನ ಹೊದಿಕೆಯಲ್ಲಿ ತೋರಿಸಿ ಕೋಶದೊಳಗೆ ನುಸುಳುತ್ತದೆ. ಕಳ್ಳ ಬುದ್ಧಿ!

ಕಣ್ಣಾಡಿ ವಿರಿಯನ್ ಏನು ಮಾಡುತ್ತದೆ

ಈ ಹಾವನ್ನು ಇಂಗ್ಲಿಷರು ಕರೆಯುವುದು ರಸೆಲ್ಸ್ ವೈಪರ್ ಎಂದು. ಹದಿನೆಂಟನೇ ಶತಮಾನದ ಕೊನೆಗೆ ವಿಶಾಖಪಟ್ಟಣದ ಕಡೆ ಹಾವುಗಳನ್ನು ಬರೆದಿಟ್ಟ ಪ್ಯಾಟ್ರಿಕ್ ರಸೆಲ್ ಹೆಸರು. ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಮಚ್ಚೆ, ದಪ್ಪ ಮೈ, ಕುಕ್ಕರ್ ಸೀಟಿಯಂತೆ ಬುಸುಗುಟ್ಟುವಿಕೆ. ಇಲಿ ಹುಡುಕಿಕೊಂಡು ಗದ್ದೆ, ಬಾಳೆತೋಟ, ಸೌದೆ ರಾಶಿಗೆ ಬರುತ್ತದೆ.

ಇದರ ವಿಷದಲ್ಲಿರುವ ಒಂದು ಕಿಣ್ವ 10ನೇ ಫ್ಯಾಕ್ಟರನ್ನು ನೇರವಾಗಿ ಚುರುಕು ಮಾಡುತ್ತದೆ, ಇನ್ನೊಂದು 5ನೆಯದನ್ನು. ಗಾಯಕ್ಕಾಗಿ, ಪಿಎಸ್‌ಗಾಗಿ ಕಾಯುವ ಕ್ರಮ ತಪ್ಪಿಹೋಗುತ್ತದೆ. ಒಂದು ಜಾಗದಲ್ಲಿ ನಡೆಯಬೇಕಾದ ಕೆಲಸ ಮೈತುಂಬ ನಡೆಯುತ್ತದೆ. ಹಾಗಾದರೆ ರಕ್ತವೆಲ್ಲ ಗಟ್ಟಿಯಾಗಬೇಕಲ್ಲ ಎಂದು ಕೇಳಬಹುದು. ಅಲ್ಲಲ್ಲಿ ಸಣ್ಣ ಹೆಪ್ಪುಗಳಾಗುತ್ತವೆ, ಕರಗುತ್ತವೆ, ಮತ್ತೆ ಆಗುತ್ತವೆ. ಈ ಗದ್ದಲದಲ್ಲಿ ಫೈಬ್ರಿನೋಜನ್ ಮತ್ತು ಫ್ಯಾಕ್ಟರ್‌ಗಳ ದಾಸ್ತಾನು ಖಾಲಿಯಾಗುತ್ತದೆ. ಉಳಿಯುವುದು ಹೆಪ್ಪುಗಟ್ಟಲಾರದ ರಕ್ತ.

ಸಾಲದ್ದಕ್ಕೆ ಫಾಸ್ಫೋಲಿಪೇಸ್ ಎ2 ಈ ವಿಷದಲ್ಲೂ ಧಾರಾಳವಾಗಿದೆ. ಒಂದು ಬಾಲ ಕಳೆದುಕೊಂಡ ಫಾಸ್ಫೋಲಿಪಿಡ್ ಸಾಲಿನಲ್ಲಿ ನೆಟ್ಟಗೆ ನಿಲ್ಲಲಾರದು, ಸೋಪಿನ ಹಾಗೆ ವರ್ತಿಸಿ ಪೊರೆಯನ್ನೇ ಸಡಿಲಿಸುತ್ತದೆ. ಕಚ್ಚಿದ ಜಾಗ ಊದುವುದು, ಸ್ನಾಯು ಕೊಳೆಯುವುದು, ಮೂತ್ರಪಿಂಡ ಕೆಡುವುದು ಇವುಗಳಲ್ಲಿ ವಿಷದ ಬೇರೆ ಅಂಶಗಳ ಜೊತೆ ಇದರ ಕೈವಾಡವೂ ಇದೆ. ದಕ್ಷಿಣ ಭಾರತದ ಕೊಳಕುಮಂಡಲ ಕಚ್ಚಿದ ಕೆಲವರಿಗೆ ಕಣ್ಣುರೆಪ್ಪೆ ಜೋತುಬೀಳುವುದೂ ಉಂಟು. ಅದು ನಾಗರಹಾವು, ಕಟ್ಟುಹಾವಿನ ಲಕ್ಷಣ ಎಂದು ಮೋಸಹೋಗಬಾರದು.

ಈಗ ಯೋಚಿಸಿ. ರಕ್ತ ಹೆಪ್ಪುಗಟ್ಟದ ಮನುಷ್ಯನ ಕಾಲನ್ನು 'ವಿಷ ಇಳಿಸಲು' ಬ್ಲೇಡಿನಿಂದ ಗೀರಿದರೆ ಏನಾಗುತ್ತದೆ? ಗಾಯ ಮುಚ್ಚುವ ಸಾಮಾನೇ ಇಲ್ಲದ ಮನೆಯಲ್ಲಿ ಹೊಸ ಗಾಯ ಮಾಡಿದ ಹಾಗೆ. ಬಾಯಿಯಿಂದ ಹೀರುವುದೂ ಬೇಡ. ಬಿಗಿಯಾಗಿ ಹಗ್ಗ ಕಟ್ಟಿದರೆ ರಕ್ತ ಓಡದೆ ಕೈಕಾಲೇ ಕೊಳೆಯಬಹುದು. ಉಂಗುರ, ಕಾಲುಂಗುರ, ಬಳೆ, ಗೆಜ್ಜೆ ತಕ್ಷಣ ಬಿಚ್ಚಿ, ಊದಿದ ಮೇಲೆ ಬಿಚ್ಚಲಾಗದು. ಮೂಳೆ ಮುರಿದಾಗ ಕಟ್ಟುವ ಹಾಗೆ ಕೋಲು ಇಟ್ಟು ಅಲ್ಲಾಡದಂತೆ ಮಾಡಿ, ನಡೆಸಬೇಡಿ, 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕಿದ ಗಾಡಿಯಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಹಾವು ಹಿಡಿದುಕೊಂಡು ಹೋಗುವ ಸಾಹಸ ಬೇಡ. ದೂರದಿಂದ ಫೋಟೊ ಸಿಕ್ಕರೆ ಸಾಕು, ಸಿಗದಿದ್ದರೂ ಚಿಂತೆಯಿಲ್ಲ.

ಮಂತ್ರ ಹಾಕಿಸಿದವರು ಬದುಕಿದ್ದಾರಲ್ಲ ಎನ್ನುವವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಬದುಕಿದ್ದಾರೆ, ನಿಜ. ವಿಷವಿಲ್ಲದ ಹಾವುಗಳೇ ಹೆಚ್ಚು, ವಿಷದ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ. ಅವರು ಮಂತ್ರವಿಲ್ಲದೆಯೂ ಬದುಕುತ್ತಿದ್ದರು. ವಿಷ ಇಳಿದವನಿಗೆ ಮಾತ್ರ ಮಂತ್ರದ ಮನೆಯಲ್ಲಿ ಕಳೆದ ಒಂದೊಂದು ಗಂಟೆಯೂ ನಷ್ಟ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿದೆ. ಹೆಚ್ಚಿನವರು ಹಳ್ಳಿಯವರೇ.

ಗಾಜಿನ ಕೊಳವೆ, ಇಪ್ಪತ್ತು ನಿಮಿಷ

ಆಸ್ಪತ್ರೆಯಲ್ಲಿ ಮೊದಲು ಮಾಡುವ ಪರೀಕ್ಷೆ ನೋಡಲು ತೀರ ಸರಳ. ಸುಮಾರು 2 ಮಿಲಿಲೀಟರ್ ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ಕೊಳವೆಗೆ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಬಿಡುತ್ತಾರೆ. ಆಮೇಲೆ ಒಂದು ಸಲ ಓರೆ ಮಾಡಿ ನೋಡುತ್ತಾರೆ. ಗಟ್ಟಿಯಾಗಿದ್ದರೆ ಸದ್ಯಕ್ಕೆ ಫ್ಯಾಕ್ಟರ್‌ಗಳಿವೆ. ನೀರಿನ ಹಾಗೆ ಹರಿದರೆ ವಿಷ ತನ್ನ ಕೆಲಸ ಮಾಡಿದೆ, ವಿಷಮುರಿವು ಮರುಂದು, ಅಂದರೆ ಏಎಸ್‌ವಿ, ಶುರು ಮಾಡಬೇಕು.

ಗಾಜೇ ಯಾಕೆ? ಗಾಜಿನ ಮೈಗೂ ಋಣ ಆವೇಶವಿದೆ. ಅದು ತಾಗಿದರೆ 12ನೇ ಫ್ಯಾಕ್ಟರ್ ಎಚ್ಚರಗೊಂಡು ಸರಣಿ ಶುರುವಾಗುತ್ತದೆ, ಕೊಳವೆಯೊಳಗಿನ ಪ್ಲೇಟ್‌ಲೆಟ್‌ಗಳೂ ಪಿಎಸ್ ಹೊರಹಾಕುತ್ತವೆ. ಪ್ಲಾಸ್ಟಿಕ್ ಆದರೆ ಹೀಗಾಗದು. ಸೋಪಿನ ಪುಡಿಯಲ್ಲಿ ತೊಳೆದ ಕೊಳವೆಯೂ ಕೈಕೊಡುತ್ತದೆ. ಒಳ್ಳೆಯ ರಕ್ತವೂ ಅದರಲ್ಲಿ ಗಟ್ಟಿಯಾಗದೆ ಸುಳ್ಳು ಹೇಳಬಹುದು. ಹಾಗಾಗಿ 'ಏನೂ ಮಾಡದೆ ಸುಮ್ಮನೆ ಕೂರಿಸಿದ್ದಾರೆ' ಎಂದು ಜಗಳ ತೆಗೆಯುವ ಮೊದಲು ಗಡಿಯಾರ ನೋಡಿಕೊಳ್ಳಿ. ಆ ಇಪ್ಪತ್ತು ನಿಮಿಷ ಚಿಕಿತ್ಸೆಯದೇ ಭಾಗ. ಉಸಿರು ಕಟ್ಟುವುದು, ರಕ್ತ ಸುರಿಯುವುದು ಮುಂತಾದ ಲಕ್ಷಣ ಎದ್ದು ಕಾಣುತ್ತಿದ್ದರೆ ವೈದ್ಯರು ಕೊಳವೆಗಾಗಿ ಕಾಯುವುದಿಲ್ಲ.

ಮದ್ದು ಕೊಟ್ಟ ಮೇಲೂ ಆರು ಗಂಟೆ ಬಿಟ್ಟು ಪರೀಕ್ಷೆ ಮತ್ತೆ ಮಾಡುತ್ತಾರೆ. ಏಎಸ್‌ವಿ ರಕ್ತದಲ್ಲಿ ತಿರುಗುವ ವಿಷವನ್ನು ಹಿಡಿದು ಕಟ್ಟಿಹಾಕುತ್ತದೆ ಅಷ್ಟೆ. ಖಾಲಿಯಾದ ಫ್ಯಾಕ್ಟರ್‌ಗಳನ್ನು ಅದು ತುಂಬಿಕೊಡದು, ಕೊಳೆತ ಸ್ನಾಯುವನ್ನು ಸರಿಮಾಡದು. ಫ್ಯಾಕ್ಟರ್ ತಯಾರಿಸುವುದು ಯಕೃತ್ತು, ಅದಕ್ಕೆ ಅಷ್ಟು ಹೊತ್ತು ಬೇಕು. ಬೇಗ ಹೋದವರಿಗೆ ಮದ್ದು ಹೆಚ್ಚು ಉಪಯೋಗ ಎನ್ನುವುದು ಇದೇ ಕಾರಣಕ್ಕೆ.

ಏಎಸ್‌ವಿ ತಯಾರಿಸಲು ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಹತ್ತಿರ 1978ರಲ್ಲಿ ಶುರುವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಆದರೆ ಒಂದೇ ಜಾತಿಯ ಹಾವಿನ ವಿಷ ಎಲ್ಲ ಕಡೆ ಒಂದೇ ಅಲ್ಲ. ದೇಶದ ಬೇರೆ ಬೇರೆ ಭಾಗಗಳ ಕೊಳಕುಮಂಡಲದ ವಿಷವನ್ನು ಹೋಲಿಸಿ, ಅದರ ಘಟಕಗಳಲ್ಲೂ ಕೊಲ್ಲುವ ಶಕ್ತಿಯಲ್ಲೂ ವ್ಯತ್ಯಾಸ ಇದೆ ಎಂದು 1988ರಲ್ಲೇ ತೋರಿಸಿದ್ದು ಮೈಸೂರು ವಿಶ್ವವಿದ್ಯಾಲಯದ ಜಯಂತಿ ಮತ್ತು ಟಿ. ವಿ. ಗೌಡ. ಹಾವಿನ ಫಾಸ್ಫೋಲಿಪೇಸ್ ಎ2 ಮೇಲೆ ಮಾನಸಗಂಗೋತ್ರಿಯಲ್ಲಿ ದಶಕಗಳ ಕೆಲಸ ನಡೆದಿದೆ, ಕನ್ನಡದವರಿಗೇ ಇದು ಅಷ್ಟಾಗಿ ಗೊತ್ತಿಲ್ಲ. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ತಂಡ ಇದೇ ಪ್ರಾದೇಶಿಕ ವ್ಯತ್ಯಾಸವನ್ನೂ ಅದಕ್ಕೆ ಹೊಂದುವ ಮದ್ದನ್ನೂ ಹುಡುಕುತ್ತಿದೆ. 2024ರಲ್ಲಿ ಕರ್ನಾಟಕ, ಅದೇ ವರ್ಷ ತಮಿಳುನಾಡು ಕೂಡ, ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ಸರ್ಕಾರಕ್ಕೆ ತಿಳಿಸಬೇಕಾದ ವಿಷಯವೆಂದು ಘೋಷಿಸಿದವು. ಎಲ್ಲಿ ಎಷ್ಟು ಮದ್ದು ಬೇಕು ಎಂಬ ಲೆಕ್ಕ ಇದರಿಂದ ಸರಿಯಾಗಬೇಕು.

ಅದೇ ವಿಷ, ಲ್ಯಾಬಿನಲ್ಲಿ

ಕೊನೆಗೊಂದು ವಿಚಿತ್ರ. 1934ರಲ್ಲಿ ಇಂಗ್ಲೆಂಡಿನ ಮೆಕ್‌ಫರ್ಲೇನ್ ಮತ್ತು ಬಾರ್ನೆಟ್ ಈ ಹಾವಿನ ವಿಷವನ್ನು ಬಹಳ ತೆಳು ಮಾಡಿ ಹಚ್ಚಿ, ಹೀಮೋಫೀಲಿಯಾ ರೋಗಿಗಳ ರಕ್ತ ನಿಲ್ಲಿಸಲು ನೋಡಿದ್ದರು. ಮೈತುಂಬ ಹರಡಿದರೆ ಕೊಲ್ಲುವ ಅದೇ ಕಿಣ್ವ ಒಂದೇ ಜಾಗಕ್ಕೆ ಹಚ್ಚಿದಾಗ ಹೆಪ್ಪುಗಟ್ಟಿಸುತ್ತಿತ್ತು. ಈಗ ಆ ಪದ್ಧತಿ ಇಲ್ಲ. ಆದರೆ ದೊಡ್ಡ ಲ್ಯಾಬುಗಳಲ್ಲಿ ಕಣ್ಣಾಡಿ ವಿರಿಯನ್ ವಿಷ ಇವತ್ತೂ ಇದೆ.

ಮೇಲಿಂದ ಮೇಲೆ ಗರ್ಭ ಇಳಿದುಹೋಗುವ ಹೆಂಗಸರಿಗೆ ವೈದ್ಯರು ಬರೆದುಕೊಡುವ ಪರೀಕ್ಷೆಗಳಲ್ಲಿ ಒಂದು ಡಿಆರ್‌ವಿವಿಟಿ. ಚೀಟಿಯಲ್ಲಿ ಈ ಅಕ್ಷರಗಳನ್ನು ಕಂಡವರಿಗೆ ಅದರಲ್ಲಿ ಹಾವಿದೆ ಎಂದು ಗೊತ್ತಿರಲಾರದು. ಕೆಲವರ ಮೈಯಲ್ಲಿ ಫಾಸ್ಫೋಲಿಪಿಡ್ ಮೇಲೆ ಕೂತ ಪ್ರೋಟೀನ್‌ಗಳನ್ನೇ ಶತ್ರು ಎಂದು ತಿಳಿಯುವ ಪ್ರತಿಕಾಯಗಳಿರುತ್ತವೆ. ಅವುಗಳಿಂದ ರಕ್ತನಾಳದಲ್ಲಿ, ಮಾಸಿನಲ್ಲಿ ಬೇಡದ ಹೆಪ್ಪುಗಳಾಗುತ್ತವೆ. ಪತ್ತೆ ಹಚ್ಚುವುದು ಹೀಗೆ: ರಕ್ತದ ತಿಳಿಗೆ ತೆಳು ಮಾಡಿದ ವಿಷ, ಕ್ಯಾಲ್ಸಿಯಂ ಮತ್ತು ಸ್ವಲ್ಪವೇ ಸ್ವಲ್ಪ ಫಾಸ್ಫೋಲಿಪಿಡ್ ಸೇರಿಸುತ್ತಾರೆ. ವಿಷ 10ನೇ ಫ್ಯಾಕ್ಟರನ್ನು ಎಬ್ಬಿಸುತ್ತದೆ. ಪ್ರತಿಕಾಯ ಇದ್ದರೆ ಕೂರುವ ಜಾಗ ಅಡ್ಡವಾಗಿ ಹೆಪ್ಪುಗಟ್ಟುವುದು ತಡವಾಗುತ್ತದೆ. ಫಾಸ್ಫೋಲಿಪಿಡ್ ಹೆಚ್ಚಿಗೆ ಸುರಿದರೆ ತಡ ಸರಿಹೋಗುತ್ತದೆ. ಹಾಗಾದರೆ ತೊಂದರೆ ಇರುವುದು ಫ್ಯಾಕ್ಟರಿನಲ್ಲಲ್ಲ, ಆ ಜಾಗದಲ್ಲಿ. ಒಂದು ಸಲ ಬಂದ ಫಲಿತಾಂಶ ಸಾಲದು, ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಎರಡೂ ಸಲ ಬಂದರೆ ಮುಂದಿನ ಬಸಿರಿನಲ್ಲಿ ವೈದ್ಯರು ಸಣ್ಣ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಚುಚ್ಚುಮದ್ದು ಕೊಡುತ್ತಾರೆ, ಹಾಗೆ ಮಗು ಉಳಿಸಿಕೊಂಡ ತಾಯಂದಿರು ಬೇಕಾದಷ್ಟಿದ್ದಾರೆ.